‘ಮನೇಲಿ ಹೇಳಿ ಬಂದಿದ್ಯಾ?’: ಸೈಕಲ್ಲಿಗೂ ಕಾರಿಗೂ ಒಂದೇ ರಸ್ತೆ ಇರುವಾಗ

ಸೌತ್ ಎಂಡ್ ಸರ್ಕಲ್‌ನಿಂದ ಲಾಲ್‌ಬಾಗ್ ವೆಸ್ಟ್ ಗೇಟ್ ಕಡೆಗೆ ಸೈಕಲ್ ತುಳಿಯುತ್ತಿದ್ದೆ. ಎಡಗಡೆ ಒಂದು ಆಟೋ ನಿಂತಿತ್ತು. ಅದನ್ನು ತಪ್ಪಿಸಲು ಸ್ವಲ್ಪ ಬಲಕ್ಕೆ ಬಂದೆ. ಹಿಂದೆ ಕಿರ್ರೆಂದು ಬ್ರೇಕ್ ಸದ್ದು. ಕಾರಿನ ಗಾಜು ಇಳಿಯಿತು. ‘ಮನೇಲಿ ಹೇಳಿ ಬಂದಿದ್ಯಾ?’

ಬೆಂಗಳೂರಿನಲ್ಲಿ ಗಾಡಿ ಓಡಿಸುವ ಯಾರಿಗೂ ಈ ಪ್ರಶ್ನೆ ಹೊಸದಲ್ಲ. ಇದಕ್ಕೆ ಯಾರೂ ನೆಟ್ಟಗೆ ಉತ್ತರ ಕೊಡುವುದಿಲ್ಲ. ನಾನೂ ಬೇರೇನೋ ಅಂದೆ, ಅದು ಇಲ್ಲಿ ಬರೆಯುವಂಥದ್ದಲ್ಲ.

ಅದೇ ವಾರ ರಾತ್ರಿ ಕಾರು ಓಡಿಸುತ್ತಿದ್ದೆ. ಬನಶಂಕರಿ ಹತ್ತಿರ ರಾಂಗ್ ಸೈಡಿನಲ್ಲಿ, ಲೈಟೂ ಇಲ್ಲದೆ, ಒಂದು ಸೈಕಲ್ ಎದುರಿಗೇ ಬಂತು. ನನ್ನ ಬಾಯಿಂದಲೂ ಅದೇ ಮಾತು ಬಂತು. ಪಕ್ಕದಲ್ಲಿದ್ದ ಹೆಂಡತಿ ನಕ್ಕಳು.

ಯೋಚನೆ ಮಾಡಿದರೆ ಎರಡೂ ಕಡೆ ಆಗಿದ್ದು ಒಂದೇ. ಎದುರಿನವನು ಮುಂದೆ ಏನು ಮಾಡುತ್ತಾನೆ ಅಂತ ಇನ್ನೊಬ್ಬನಿಗೆ ಗೊತ್ತಾಗಲಿಲ್ಲ. ಎದೆ ಧಸಕ್ಕೆಂದಿತು, ಆ ಹೆದರಿಕೆ ಬೈಗುಳವಾಗಿ ಹೊರಬಂತು. ನಾನು ಸೈಕಲ್ಲಿನವರಿಗೂ ಕಾರಿನವರಿಗೂ ಹೇಳುವುದು ಇದನ್ನೇ: ನೀವು ಏನು ಮಾಡಲಿದ್ದೀರಿ ಅಂತ ಪಕ್ಕದವರಿಗೆ ಎರಡು ಸೆಕೆಂಡ್ ಮೊದಲೇ ಗೊತ್ತಾಗಬೇಕು. ಅದನ್ನು ಮಾಡುವುದು ಹೇಗೆ ಅಂತ ಕೆಳಗೆ ಬರೆದಿದ್ದೇನೆ.

ಬೇರೆ ದಾರಿ ಬರುತ್ತೆ ಅಂತ ಕಾಯಬೇಡಿ

ಸೈಕಲ್ಲಿಗೆ ಬೇರೆ ದಾರಿ ಮಾಡಿದರೆ ಮುಗೀತಲ್ವಾ ಅಂತ ಕೇಳುವವರಿದ್ದಾರೆ. ಮಾಡಿ ನೋಡಿದ್ದಾರೆ. ಜಯನಗರದ ಸೈಕಲ್ ದಾರಿಗಳು ಕಾರು ನಿಲ್ಲಿಸುವ ಜಾಗವಾದವು. ಕೋವಿಡ್ ಸಮಯದಲ್ಲಿ, 2020ರಲ್ಲಿ, ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಸೈಕಲ್ ಲೇನ್ ಮಾಡಿದರು. ಬೈಕುಗಳು ಅದರೊಳಗೇ ನುಗ್ಗಿದವು, ಕಂಬಗಳು ಒಂದೊಂದಾಗಿ ಮುರಿದವು. ಮೈಸೂರಿನಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ಬಂತು. ಅಲ್ಲೂ ಸೈಕಲ್ ತೆಗೆದುಕೊಂಡವರು ತುಳಿಯುವುದು ಬಸ್ಸು, ಟಾಂಗಾ, ಆಟೋ ಓಡಾಡುವ ರಸ್ತೆಯಲ್ಲೇ.

ಇನ್ನೊಂದು ಮಾತು. ಸೈಕಲ್ ಅಂದ ಕೂಡಲೆ ಭಾನುವಾರ ನಂದಿಬೆಟ್ಟಕ್ಕೆ ಹೋಗುವ, ಬಣ್ಣದ ಬಿಗಿ ಬಟ್ಟೆಯವರೇ ಕಣ್ಣಿಗೆ ಬರುತ್ತಾರೆ. ದಿನಾ ತುಳಿಯುವವರು ಬೇರೆಯೇ ಇದ್ದಾರೆ. ಪೇಪರ್ ಹಾಕುವ ಹುಡುಗ, ರಾತ್ರಿ ಪಾಳಿ ಮುಗಿಸಿದ ಸೆಕ್ಯುರಿಟಿಯವರು, ಕ್ಯಾರಿಯರ್‌ಗೆ ಬುತ್ತಿ ಕಟ್ಟಿಕೊಂಡ ಗಾರೆ ಕೆಲಸದವರು. ಅವರಿಗೆ ಹೆಲ್ಮೆಟ್ಟೂ ಇಲ್ಲ, ಬೇರೆ ಗಾಡಿಯೂ ಇಲ್ಲ. ಈ ಲೇಖನ ಓದುವವರಲ್ಲಿ ಅವರು ಕಡಿಮೆ ಅಂತ ನನಗೂ ಗೊತ್ತು. ಹಾಗಾಗಿ ಕಾರಿನವರಿಗೆ ಹೇಳುವ ಭಾಗ ಸ್ವಲ್ಪ ಜಾಸ್ತಿಯೇ ಇದೆ.

ಸೈಕಲ್ ತುಳಿಯುವವರಿಗೆ

ಹೊರಡುವ ಮುಂಚೆ: ಎರಡೂ ಬ್ರೇಕ್ ಹಿಡಿಯುತ್ತಾ, ಗಾಳಿ ಇದೆಯಾ, ಬೆಲ್ ಕೇಳುತ್ತಾ, ಹಿಂದೆ ಕೆಂಪು ಲೈಟ್ ಉರಿಯುತ್ತಾ ನೋಡಿ. ಲೈಟ್ ಇಲ್ಲದಿದ್ದರೆ ಮಡ್‌ಗಾರ್ಡಿಗೆ ಕೆಂಪು ರಿಫ್ಲೆಕ್ಟರ್ ಸ್ಟಿಕ್ಕರ್ ಅಂಟಿಸಿ. ಕಿವಿಯಲ್ಲಿ ಇಯರ್‌ಫೋನ್ ಬೇಡ. ಹೆಲ್ಮೆಟ್ ಇದ್ದರೆ ಪಟ್ಟಿ ಬಿಗಿಯಾಗಿರಲಿ.

ಎಲ್ಲಿ ತುಳಿಯಬೇಕು: ಹೆಚ್ಚಿನವರು ತಪ್ಪುವುದು ಇಲ್ಲೇ. ‘ಎಡಕ್ಕೆ ಹೋಗು’ ಅಂತ ಎಲ್ಲರೂ ಹೇಳುತ್ತಾರೆ, ಅದು ಸರಿಯೇ. ಆದರೆ ಎಡಕ್ಕೆ ಅಂದರೆ ಮೋರಿ ಅಂಚಿಗೆ ಅಂತಲ್ಲ. ಆ ಅಂಚಿನಲ್ಲಿ ಮರಳು, ಗಾಜಿನ ಚೂರು, ಚರಂಡಿ ಜಾಲರಿ ಎಲ್ಲ ಇರುತ್ತವೆ. ಅಲ್ಲಿ ತುಳಿದರೆ ಪ್ರತಿ ಹತ್ತು ಮಾರಿಗೊಮ್ಮೆ ಏನನ್ನೋ ತಪ್ಪಿಸಲು ಬಲಕ್ಕೆ ಬರಬೇಕಾಗುತ್ತದೆ. ಕಾರಿನವರಿಗೆ ಇಷ್ಟವಾಗದ್ದು ಅದೇ ಒಳಗೆ ಹೊರಗೆ ಹಾವಿನ ಹಾಗೆ ಹೋಗುವುದು. ಅಂಚಿನಿಂದ ಎರಡೂವರೆ ಮೂರು ಅಡಿ ಬಿಟ್ಟು, ಗೆರೆ ಎಳೆದ ಹಾಗೆ ನೇರವಾಗಿ ತುಳಿಯಿರಿ. ಪಕ್ಕದಲ್ಲಿ ಕಾರುಗಳು ಸಾಲಾಗಿ ನಿಂತಿದ್ದರೆ ಒಂದು ಬಾಗಿಲು ಪೂರ್ತಿ ತೆರೆಯುವಷ್ಟು ಜಾಗ ಬಿಡಿ. ಎರಡು ಕಾರುಗಳ ನಡುವೆ ಖಾಲಿ ಜಾಗ ಸಿಕ್ಕಿತು ಅಂತ ಒಳಗೆ ನುಸುಳಿ ಮತ್ತೆ ಹೊರಗೆ ಬರಬೇಡಿ.

ರಸ್ತೆ ತೀರಾ ಕಿರಿದಾದಾಗ, ಹಿಂದಿನ ಕಾರಿಗೆ ನಿಮ್ಮನ್ನು ದಾಟಲು ಜಾಗವೇ ಇಲ್ಲದಾಗ, ಸ್ವಲ್ಪ ಹೊತ್ತು ಲೇನಿನ ಮಧ್ಯೆ ಬನ್ನಿ. ಹಿಂದೆ ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ. ಜಾಗ ಸಿಕ್ಕ ಕೂಡಲೆ ಎಡಕ್ಕೆ ಸರಿದು ಕೈಯಲ್ಲಿ ‘ಹೋಗಿ’ ಅಂತ ತೋರಿಸಿ. ಆ ಒಂದು ಕೈಸನ್ನೆಗೆ ಹಿಂದಿನವರ ಸಿಟ್ಟು ಅರ್ಧ ಇಳಿಯುತ್ತದೆ, ನಾನು ನೋಡಿದ್ದೇನೆ.

ಹಿಂದೆ ನೋಡುವುದು, ಕೈ ತೋರಿಸುವುದು: ಸೈಕಲ್ಲಿಗೆ ಲೈಸೆನ್ಸ್ ಬೇಡ. ಅದಕ್ಕೇ ಇದನ್ನು ಯಾರೂ ಕಲಿಸಿಲ್ಲ. ಬಲಕ್ಕೆ ತಿರುಗಿ ನೋಡಿದರೆ ಹ್ಯಾಂಡಲ್ಲೂ ಬಲಕ್ಕೆ ಎಳೆಯುತ್ತದೆ. ಒಂದು ಖಾಲಿ ಮೈದಾನಕ್ಕೆ ಹೋಗಿ, ಗೆಳೆಯನೊಬ್ಬನನ್ನು ಹಿಂದೆ ನಿಲ್ಲಿಸಿ. ನೀವು ನೇರವಾಗಿ ತುಳಿಯುತ್ತಲೇ ತಿರುಗಿ, ಅವನು ಎಷ್ಟು ಬೆರಳು ತೋರಿಸುತ್ತಿದ್ದಾನೆ ಅಂತ ಹೇಳಬೇಕು. ಹತ್ತು ಸಲ ಮಾಡಿದರೆ ಬರುತ್ತದೆ. ಆಮೇಲೆ ಒಂದೇ ಕೈಯಲ್ಲಿ ತುಳಿಯುವುದು. ನಮ್ಮಲ್ಲಿ ಬಹಳಷ್ಟು ಸೈಕಲ್ಲುಗಳಲ್ಲಿ ಬಲಗೈ ಬ್ರೇಕ್ ಮುಂದಿನ ಚಕ್ರಕ್ಕೆ, ಎಡಗೈ ಬ್ರೇಕ್ ಹಿಂದಿನದಕ್ಕೆ. ಬಲಗೈ ಚಾಚಿದಾಗ ಎಡಗೈಯಲ್ಲಿ ಮೆಲ್ಲಗೆ ಬ್ರೇಕ್ ಹಿಡಿಯಬಹುದು, ಮುಗ್ಗರಿಸುವ ಭಯವಿಲ್ಲ. ರಸ್ತೆಯಲ್ಲಿ ಕ್ರಮ ಹೀಗಿರಲಿ: ಮೊದಲು ಹಿಂದೆ ನೋಡಿ, ಆಮೇಲೆ ಕೈ ಚಾಚಿ, ಇನ್ನೊಮ್ಮೆ ನೋಡಿ, ಆಮೇಲೆ ಸರಿಯಿರಿ. ಕೈ ಚಾಚಿದ ಮಾತ್ರಕ್ಕೆ ಜಾಗ ಕೊಟ್ಟರು ಅಂತ ಅಂದುಕೊಳ್ಳಬೇಡಿ.

ದೊಡ್ಡ ಸರ್ಕಲ್‌ನಲ್ಲಿ ಬಲಕ್ಕೆ ತಿರುಗಲು ಹೆದರಿಕೆಯಾದರೆ ಇಳಿದು, ಪಾದಚಾರಿಗಳ ಜೊತೆ ತಳ್ಳಿಕೊಂಡು ದಾಟಿ. ಅದರಲ್ಲಿ ಅವಮಾನವೇನೂ ಇಲ್ಲ.

ಬಸ್ಸು, ಲಾರಿ: ಬಸ್ಸು ಸ್ಟಾಪಿನ ಕಡೆ ಬರುತ್ತಿದ್ದರೆ ಅದರ ಮತ್ತು ಫುಟ್‌ಪಾತಿನ ನಡುವಿನ ಸಂದಿಗೆ ನುಗ್ಗಲೇಬೇಡಿ. ಡ್ರೈವರ್ ಕೂತಿರುವುದು ಬಲಗಡೆ. ಎಡಗಡೆಯ ಮುಂಚಕ್ರದ ಪಕ್ಕ ಇರುವ ಸೈಕಲ್ ಅವರಿಗೆ ಕಾಣುವುದು ಕಷ್ಟ, ಎಷ್ಟೋ ಸಲ ಕಾಣುವುದೇ ಇಲ್ಲ. ಸಿಗ್ನಲ್‌ನಲ್ಲಿ ಲಾರಿ ನಿಂತಿದ್ದರೂ ಅಷ್ಟೇ. ಅದು ಎಡಕ್ಕೆ ತಿರುಗುವಾಗ ಮುಂದಿನ ಚಕ್ರ ಅಗಲವಾಗಿ ಸುತ್ತುತ್ತದೆ, ಹಿಂದಿನ ಚಕ್ರ ಒಳಗೆ ಒತ್ತಿಕೊಂಡು ಬರುತ್ತದೆ. ಆ ಒಳಗಿನ ಜಾಗದಲ್ಲಿ ಸೈಕಲ್ ಇದ್ದರೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ಸುಲಭದ ಪರೀಕ್ಷೆ ಒಂದಿದೆ. ಲಾರಿಯ ಕನ್ನಡಿಯಲ್ಲಿ ಡ್ರೈವರ್ ಮುಖ ನಿಮಗೆ ಕಾಣುತ್ತಾ ನೋಡಿ. ಕಾಣದಿದ್ದರೆ ಅವರಿಗೂ ನೀವು ಕಾಣುತ್ತಿಲ್ಲ. ಹಿಂದೆಯೇ ಉಳಿಯಿರಿ.

ಇನ್ನು ರಾಂಗ್ ಸೈಡ್, ರೆಡ್ ಸಿಗ್ನಲ್. ‘ನಾವು ಸೈಕಲ್ಲಿನವರು, ನಮಗೇನು ಅದೆಲ್ಲ?’ ಅನ್ನುವ ಮಾತನ್ನು ನಾನೂ ಆಡಿದ್ದೇನೆ, ಯು-ಟರ್ನ್ ಒಂದು ಕಿಲೋಮೀಟರ್ ದೂರ ಇದ್ದಾಗ. ಆದರೆ ಅಡ್ಡರಸ್ತೆಯಿಂದ ಎಡಕ್ಕೆ ಬರುವ ಕಾರಿನವರು ನೋಡುವುದು ಬಲಗಡೆಗೆ ಮಾತ್ರ. ನೀವು ಎಡಗಡೆಯಿಂದ ಬಂದರೆ ಅವರ ಲೆಕ್ಕದಲ್ಲಿ ನೀವು ಇಲ್ಲವೇ ಇಲ್ಲ. ಅಷ್ಟು ಹತ್ತಿರ ಹೋಗಬೇಕಿದ್ದರೆ ಇಳಿದು ತಳ್ಳಿಕೊಂಡು ಹೋಗಿ.

ಕಾರು, ಬೈಕ್, ಆಟೋ ಓಡಿಸುವವರಿಗೆ

ಓವರ್‌ಟೇಕ್ ಮಾಡುವುದು: ಒಂದು ಸಣ್ಣ ಲೆಕ್ಕ ಹಾಕೋಣ. ಲೇನ್ ಅಗಲ ಸಾಮಾನ್ಯವಾಗಿ 3.5 ಮೀಟರ್. ಸೈಕಲ್ಲಿನವರು ಅಂಚಿನಿಂದ ಮುಕ್ಕಾಲು ಮೀಟರ್ ಬಿಟ್ಟು ತುಳಿಯುತ್ತಿದ್ದಾರೆ. ಹ್ಯಾಂಡಲ್ಲಿನ ಅರ್ಧ ಸೇರಿಸಿದರೆ ಒಂದು ಮೀಟರಿಗೆ ಸ್ವಲ್ಪ ಜಾಸ್ತಿ. ನಡುವೆ ಒಂದು ಮೀಟರ್ ಬಿಡಿ. ನಿಮ್ಮ ಕಾರು 1.7 ಮೀಟರ್. ಕೂಡಿದರೆ ಮೂರೂಮುಕ್ಕಾಲು ಮೀಟರ್ ಆಯಿತು. ಅಂದರೆ ಅದೇ ಲೇನಿನೊಳಗೆ ಇದ್ದುಕೊಂಡು ಸೈಕಲ್ಲನ್ನು ಸರಿಯಾಗಿ ದಾಟಲು ಆಗುವುದೇ ಇಲ್ಲ. ಪಕ್ಕದ ಲೇನಿಗೆ ಸ್ವಲ್ಪವಾದರೂ ಹೋಗಲೇಬೇಕು. ಅಲ್ಲಿ ಜಾಗ ಇಲ್ಲದಿದ್ದರೆ ಹಿಂದೆ ಕಾಯಬೇಕು. ಸೈಕಲ್ ಅಂಚಿಗೆ ಇನ್ನಷ್ಟು ಸರಿಯಲಿ ಅಂತ ಹಾರ್ನ್ ಒತ್ತಿದರೆ ಈ ಲೆಕ್ಕ ಬದಲಾಗುವುದಿಲ್ಲ.

ಸ್ಪೇನ್‌ನಲ್ಲಿ ಸೈಕಲ್ಲನ್ನು ದಾಟುವಾಗ ಕನಿಷ್ಠ ಒಂದೂವರೆ ಮೀಟರ್ ಬಿಡಬೇಕು ಅಂತ ಕಾನೂನಿದೆ. ಜರ್ಮನಿಯಲ್ಲಿ ಊರೊಳಗೆ ಒಂದೂವರೆ, ಊರ ಹೊರಗೆ ಎರಡು ಮೀಟರ್. ನಮ್ಮ ರಸ್ತೆಯಲ್ಲಿ ಅಳತೆಪಟ್ಟಿ ಹಿಡಿಯುವುದು ಆಗದ ಮಾತು. ಒಂದು ಅಂದಾಜು ಹೇಳುತ್ತೇನೆ: ಆ ಸೈಕಲ್ ಈಗ ನಿಮ್ಮ ಕಡೆಗೇ ಮಗುಚಿ ಬಿದ್ದರೆ ಅವರ ತಲೆ ನಿಮ್ಮ ಚಕ್ರಕ್ಕೆ ಸಿಗಬಾರದು. ಅಷ್ಟು ಜಾಗ ಬಿಡಿ.

ಕಾದರೆ ಎಷ್ಟು ಹೊತ್ತು ಹೋಗುತ್ತೆ? ಸೈಕಲ್ ಗಂಟೆಗೆ 15 ಕಿಲೋಮೀಟರ್, ನೀವು 40ರಲ್ಲಿ ಹೋಗುವವರು ಅಂದುಕೊಳ್ಳಿ. 50 ಮೀಟರ್ ಅವರ ಹಿಂದೆಯೇ ಹೋದರೆ 12 ಸೆಕೆಂಡ್. ಸೈಕಲ್ ಇಲ್ಲದಿದ್ದರೆ ನಾಲ್ಕೂವರೆ ಸೆಕೆಂಡ್. ನಷ್ಟ ಏಳೂವರೆ ಸೆಕೆಂಡ್. ಮುಂದಿನ ಸಿಗ್ನಲ್‌ನಲ್ಲಿ ಅದಕ್ಕಿಂತ ಜಾಸ್ತಿ ಹೊತ್ತು ಫೋನ್ ನೋಡುತ್ತಾ ಕೂರುತ್ತೀರಿ, ಅಷ್ಟರಲ್ಲಿ ಅದೇ ಸೈಕಲ್ ಬಂದು ಪಕ್ಕದಲ್ಲಿ ನಿಂತಿರುತ್ತದೆ.

ಹಾರ್ನ್: ಕಾರಿನೊಳಗೆ ಗಾಜು ಏರಿಸಿ, ಎಫ್ಎಂ ಹಾಕಿಕೊಂಡು ಕೂತವರಿಗೆ ನಮ್ಮ ಹಾರ್ನ್ ಮೆತ್ತಗೇ ಕೇಳುತ್ತದೆ. ಎರಡು ಮೀಟರ್ ದೂರದಲ್ಲಿ ಸೈಕಲ್ ಮೇಲಿರುವವರಿಗೆ ಅದು ಕಪಾಳಕ್ಕೆ ಹೊಡೆದ ಹಾಗೆ. ಬೆಚ್ಚಿಬಿದ್ದರೆ ಕೈ ಹ್ಯಾಂಡಲ್ಲನ್ನು ಎಳೆಯುತ್ತದೆ. ಯಾವ ಕಡೆಗೆ ಎಳೆಯುತ್ತೆ ಅಂತ ಅವರಿಗೂ ಗೊತ್ತಿರುವುದಿಲ್ಲ. ‘ಬರುತ್ತಿದ್ದೇನೆ’ ಅಂತ ಹೇಳಲೇಬೇಕಿದ್ದರೆ ಮೂವತ್ತು ನಲವತ್ತು ಮೀಟರ್ ದೂರದಿಂದಲೇ ಒಂದು ಸಲ ಚಿಕ್ಕದಾಗಿ ಒತ್ತಿ. ಪಕ್ಕಕ್ಕೆ ಬಂದ ಮೇಲೆ ಬೇಡವೇ ಬೇಡ. ಲಾರಿಗಳ ಹಿಂದೆ ‘ಸೌಂಡ್ ಹಾರ್ನ್’ ಅಂತ ಬರೆದಿರುತ್ತದೆ, ಸೈಕಲ್ ಕ್ಯಾರಿಯರ್ ಮೇಲೆ ಹಾಗೆ ಬರೆದಿದ್ದನ್ನು ನಾನಂತೂ ನೋಡಿಲ್ಲ.

ಎಡಕ್ಕೆ ತಿರುಗುವುದು: ಸೈಕಲ್ಲನ್ನು ಓವರ್‌ಟೇಕ್ ಮಾಡಿ, ತಕ್ಷಣ ಅದರ ಮುಂದೆಯೇ ಎಡಕ್ಕೆ ಕಟ್ ಹೊಡೆಯುವುದು. ಆಟೋದವರು ಪ್ಯಾಸೆಂಜರ್ ಕೈ ಎತ್ತಿದ ಕೂಡಲೆ ಇದನ್ನೇ ಮಾಡುತ್ತಾರೆ. ಕಾರಿನವರು ಪೆಟ್ರೋಲ್ ಬಂಕ್ ಕಂಡಾಗ ಮಾಡುತ್ತಾರೆ. ನಿಮ್ಮ ತಿರುವು ಮೂವತ್ತು ನಲವತ್ತು ಮೀಟರ್ ಒಳಗೇ ಇದ್ದರೆ ಸೈಕಲ್ಲನ್ನು ದಾಟಬೇಡಿ. ಹಿಂದೆಯೇ ಇದ್ದು, ಇಂಡಿಕೇಟರ್ ಹಾಕಿ, ಅದು ಮುಂದೆ ಹೋದ ಮೇಲೆ ತಿರುಗಿಸಿ.

ಬಾಗಿಲು: ಡ್ರೈವರ್ ಬಾಗಿಲನ್ನು ಎಡಗೈಯಿಂದ ತೆರೆಯಿರಿ. ಬಲಗೈ ಬಾಗಿಲ ಪಕ್ಕದಲ್ಲೇ ಇದೆ, ಎಡಗೈ ಯಾಕೆ? ಎಡಗೈ ಅಲ್ಲಿಗೆ ಚಾಚಬೇಕಾದರೆ ಮೈ ತಾನಾಗಿಯೇ ಬಲಕ್ಕೆ ತಿರುಗುತ್ತದೆ, ಹಿಂದೆ ಬರುವವರು ಕಣ್ಣಿಗೆ ಬೀಳುತ್ತಾರೆ. ಎಡಗಡೆ ಕೂತವರು ಬಲಗೈಯಿಂದ ತೆರೆಯಬೇಕು. ಒಂದು ವಾರ ವಿಚಿತ್ರ ಅನ್ನಿಸುತ್ತೆ, ಆಮೇಲೆ ರೂಢಿಯಾಗುತ್ತೆ. ಹಿಂದಿನ ಸೀಟಿನ ಮಕ್ಕಳ ಬಾಗಿಲಿಗೆ ಚೈಲ್ಡ್ ಲಾಕ್ ಹಾಕಿ. ಸಿಗ್ನಲ್‌ನಲ್ಲಿ ‘ಇಲ್ಲೇ ಇಳಿದುಬಿಡ್ತೀನಿ’ ಅನ್ನುವ ಪ್ಯಾಸೆಂಜರ್‌ಗೆ ಕ್ಯಾಬಿನವರು ‘ಹಿಂದೆ ನೋಡ್ಕೊಂಡು ಇಳೀರಿ ಸಾರ್’ ಅಂತ ಒಂದು ಮಾತು ಹೇಳಿದರೆ ಸಾಕು.

ರಾತ್ರಿ ಎದುರಿಗೆ ಸೈಕಲ್ ಬಂದರೂ ಲೈಟ್ ಡಿಪ್ ಮಾಡಿ. ಲಾರಿ ಬಂದರೆ ಮಾಡುತ್ತೀರಿ, ಸೈಕಲ್ ಬಂದರೆ ಯಾಕೆ ಮಾಡುವುದಿಲ್ಲ? ಹೈ ಬೀಮಿಗೆ ಅವರ ಕಣ್ಣು ಕತ್ತಲಿಟ್ಟರೆ ಗುಂಡಿ ಕಾಣದೆ ನಿಮ್ಮ ಮುಂದೆಯೇ ಬೀಳುತ್ತಾರೆ. ಮಳೆಗಾಲದಲ್ಲಿ ಜಾಗ ಇನ್ನೂ ಜಾಸ್ತಿ ಬಿಡಿ. ನೀರು ತುಂಬಿದ ಗುಂಡಿಯ ಆಳ ಗೊತ್ತಾಗುವುದಿಲ್ಲ, ಸೈಕಲ್ಲಿನವರು ಅದನ್ನು ಸುತ್ತಿಕೊಂಡೇ ಹೋಗುತ್ತಾರೆ.

ಊರ ಹೊರಗೆ

ಹಳ್ಳಿ ರಸ್ತೆಯಲ್ಲಿ ಬೆಳಿಗ್ಗೆ ಒಂಬತ್ತರ ಹೊತ್ತಿಗೆ, ಸಂಜೆ ನಾಲ್ಕೂವರೆಗೆ ಶಾಲೆ ಮಕ್ಕಳ ಸೈಕಲ್ ಸಾಲು ಸಿಗುತ್ತದೆ. ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಶುರು ಮಾಡಿದ್ದು 2006–07ರಲ್ಲಿ. ಎಷ್ಟೋ ಹೆಣ್ಣುಮಕ್ಕಳು ಪಕ್ಕದ ಊರಿನ ಹೈಸ್ಕೂಲಿಗೆ ಹೋಗಿದ್ದು ಅದರ ಮೇಲೆಯೇ. ಮೂವರು ಪಕ್ಕಪಕ್ಕ, ಹರಟೆ ಹೊಡೆಯುತ್ತಾ ಬರುತ್ತಾರೆ. ಹಿಂದಿನಿಂದ ಜೋರಾಗಿ ಹಾರ್ನ್ ಹೊಡೆದರೆ ಇಬ್ಬರು ಎಡಕ್ಕೆ, ಒಬ್ಬಳು ಬಲಕ್ಕೆ ಸರಿಯುತ್ತಾರೆ. ಬಲಕ್ಕೆ ಹೋದವಳು ಗೆಳತಿಯರು ಆ ಕಡೆ ಇದ್ದಾರೆ ಅಂತ ಮತ್ತೆ ರಸ್ತೆ ದಾಟಿ ಎಡಕ್ಕೆ ಬರುತ್ತಾಳೆ, ನಿಮ್ಮ ಕಾರಿನ ಮುಂದೆಯೇ. ಹಾಗಾಗಿ ಮೊದಲು ವೇಗ 30ಕ್ಕಿಂತ ಕೆಳಗೆ ಇಳಿಸಿ, ಎಲ್ಲರೂ ಒಂದೇ ಕಡೆ ಸೇರುವವರೆಗೆ ಕಾಯಿರಿ. 50ರ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 14 ಮೀಟರ್ ಹೋಗಿರುತ್ತದೆ, ಬ್ರೇಕ್ ಮೇಲೆ ಕಾಲು ಇಡುವುದರೊಳಗೇ.

ವಿಜಯಪುರ, ಬಾಗಲಕೋಟೆ ಕಡೆ ಸೈಕಲ್ ಸ್ಪರ್ಧೆಗೆ ಅಭ್ಯಾಸ ಮಾಡುವ ಹುಡುಗ ಹುಡುಗಿಯರು ಹೆದ್ದಾರಿಯಲ್ಲೇ ತುಳಿಯುತ್ತಾರೆ. ಅವರ ವೇಗ ನಿಮ್ಮ ಅಂದಾಜಿಗೆ ಸಿಗುವುದಿಲ್ಲ. ‘ಸೈಕಲ್ ತಾನೆ, ಇನ್ನೂ ದೂರ ಇದೆ’ ಅಂತ ಅಡ್ಡರಸ್ತೆಯಿಂದ ಗಾಡಿ ನುಗ್ಗಿಸಿದರೆ ಅಷ್ಟರಲ್ಲಿ ಅವರು ಮುಂದೆಯೇ ಇರುತ್ತಾರೆ. ನಂದಿಬೆಟ್ಟದ ಇಳಿಜಾರಿನಲ್ಲೂ ಅಷ್ಟೇ: ತಿರುವಿನಲ್ಲಿ ಸೈಕಲ್ ಕಾರಿನಷ್ಟೇ ವೇಗವಾಗಿ ಇಳಿಯುತ್ತದೆ, ಅಲ್ಲಿ ಓವರ್‌ಟೇಕ್ ಬೇಡ. ಹತ್ತುವಾಗ ಅದೇ ಸೈಕಲ್ ಓಲಾಡುತ್ತದೆ, ಅಲ್ಲಿ ಜಾಗ ಜಾಸ್ತಿ ಬಿಡಿ.

ಗುಂಪಿನಲ್ಲಿ ಹೋಗುವ ಸೈಕಲ್ಲಿನವರಿಗೂ ಒಂದು ಮಾತಿದೆ. ಹಿಂದೆ ಕಾರು ಬಂದಾಗ ಒಬ್ಬರ ಹಿಂದೆ ಒಬ್ಬರು ಬನ್ನಿ. ನಾಲ್ಕೈದು ಜನರಿಗೊಮ್ಮೆ ಒಂದು ಕಾರು ಹಿಡಿಸುವಷ್ಟು ಜಾಗ ಬಿಡಿ. ಇಪ್ಪತ್ತು ಸೈಕಲ್ಲಿನ ರೈಲನ್ನು ಒಂದೇ ಸಲಕ್ಕೆ ದಾಟಲು ಯಾರಿಂದಲೂ ಆಗದು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಆಗಸ್ಟ್ 1, 2023ರಿಂದ ಬೈಕ್, ಆಟೋ, ಟ್ರ್ಯಾಕ್ಟರ್ ಹೋಗುವಂತಿಲ್ಲ. ಸೈಕಲ್ಲೂ ಹೋಗುವಂತಿಲ್ಲ. ಸರ್ವೀಸ್ ರಸ್ತೆಯಲ್ಲೇ ಹೋಗಿ. ಅಲ್ಲಿ ಎದುರಿನಿಂದಲೂ ಗಾಡಿ ಬರುತ್ತವೆ, ನೆನಪಿರಲಿ.

ಜಗಳ ಶುರುವಾದರೆ

ಗಾಡಿಗೆ ಗಾಡಿ ತಾಗಿಲ್ಲ, ಬರೀ ಬೈಗುಳ ಅಂದರೆ, ಹಿಂಬಾಲಿಸಿಕೊಂಡು ಹೋಗಬೇಡಿ. ಕಾರಿನ ಬಾನೆಟ್ ಮೇಲೆ ಗುದ್ದಬೇಡಿ. ನಾನು ಒಮ್ಮೆ ಗುದ್ದಿದ್ದೇನೆ. ಅಲ್ಲಿಯವರೆಗೆ ತಪ್ಪು ಅವರದಾಗಿತ್ತು, ಗುದ್ದಿದ ಮೇಲೆ ಸೇರಿದ ಜನರೆಲ್ಲ ಅವರ ಕಡೆ ಆದರು. ‘ಕಾಣಲಿಲ್ಲ ಅಣ್ಣ, ಸಾರಿ’ ಅಂತ ಯಾರಾದರೂ ಒಬ್ಬರು ಮೊದಲು ಅಂದರೆ ಹತ್ತರಲ್ಲಿ ಎಂಟು ಜಗಳ ಅಲ್ಲೇ ಮುಗಿಯುತ್ತವೆ. ಉಳಿದ ಎರಡಕ್ಕೆ ನಂಬರ್ ಪ್ಲೇಟಿನ ಫೋಟೋ ಸಾಕು.

ಅಪಘಾತವೇ ಆದರೆ

1. ಗಾಡಿ ನಿಲ್ಲಿಸಿ. ಹಿಂದಿನ ವಾಹನಗಳು ನುಗ್ಗದ ಹಾಗೆ ಇಂಡಿಕೇಟರ್ ಹಾಕಿ, ಯಾರನ್ನಾದರೂ ಹಿಂದೆ ನಿಲ್ಲಿಸಿ ಕೈ ತೋರಿಸಲು ಹೇಳಿ.

2. 108 ಅಥವಾ 112ಕ್ಕೆ ಫೋನ್ ಮಾಡಿ. ಬಿದ್ದವರನ್ನು ಎಳೆದಾಡಿ ಕೂರಿಸಬೇಡಿ, ಬಾಯಿಗೆ ನೀರು ಹಾಕಬೇಡಿ. ಕುತ್ತಿಗೆಗೆ ಪೆಟ್ಟಾಗಿದೆ ಅನ್ನಿಸಿದರೆ ಹೆಲ್ಮೆಟ್ಟನ್ನೂ ಹಾಗೇ ಬಿಡಿ. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ.

3. ಗುದ್ದಿದ ಡ್ರೈವರ್ ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ನೋಡಿಕೊಳ್ಳಬೇಕು ಅಂತ ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಹೇಳುತ್ತದೆ. ದಾರಿಹೋಕರಾಗಿ ಸಹಾಯ ಮಾಡಿದವರಿಗೆ 134ಎ ರಕ್ಷಣೆ ಇದೆ. ಒಳ್ಳೆಯ ಮನಸ್ಸಿನಿಂದ ಆಸ್ಪತ್ರೆಗೆ ಸೇರಿಸಿದವರನ್ನು ಹೆಸರು ಹೇಳಿ, ಸಾಕ್ಷಿಯಾಗಿ ಅಂತ ಬಲವಂತ ಮಾಡುವಂತಿಲ್ಲ. ‘ಕೇಸು ನನ್ನ ತಲೆಗೆ ಬರುತ್ತೆ’ ಅಂತ ಸುಮ್ನೆ ನಿಂತು ನೋಡಬೇಕಾಗಿಲ್ಲ.

4. ಮೋಟಾರು ವಾಹನದಿಂದಾದ ಅಪಘಾತದ ಗಾಯಾಳುಗಳಿಗೆ ಒಂದೂವರೆ ಲಕ್ಷ ರೂಪಾಯಿವರೆಗೆ, ಏಳು ದಿನ, ದುಡ್ಡು ಕಟ್ಟದೆ ಚಿಕಿತ್ಸೆ ಕೊಡುವ ಕೇಂದ್ರ ಸರ್ಕಾರದ ಯೋಜನೆ 2025ರಲ್ಲಿ ಬಂದಿದೆ. ಸೈಕಲ್ಲಿನವರಿಗೂ ಅದು ಅನ್ವಯಿಸುತ್ತದೆ. ಆಸ್ಪತ್ರೆಯಲ್ಲಿ ಕೇಳಿ.

5. ವಾಹನಗಳು ನಿಂತ ಜಾಗ, ನಂಬರ್ ಪ್ಲೇಟು, ಬ್ರೇಕಿನ ಗುರುತು, ಎಲ್ಲದರ ಫೋಟೋ ತೆಗೆದಿಡಿ. ಅಲ್ಲಿದ್ದ ಅಂಗಡಿಯವರು ಮಾತನಾಡಲು ಒಪ್ಪಿದರೆ ಅವರ ನಂಬರ್ ಬರೆದುಕೊಳ್ಳಿ. ಅಂಗಡಿ ಮುಂದೆ ಸಿಸಿಟಿವಿ ಇದೆಯಾ ಕೇಳಿ. ಹಳೆ ವಿಡಿಯೋ ಕೆಲವೇ ದಿನಗಳಲ್ಲಿ ಅಳಿಸಿಹೋಗುತ್ತದೆ.

6. ಪೊಲೀಸ್ ದೂರು ಕೊಡಿ. ಸೈಕಲ್ಲಿಗೆ ಇನ್ಶೂರೆನ್ಸ್ ಇಲ್ಲ, ಪರಿಹಾರ ಎಲ್ಲಿ ಸಿಗುತ್ತೆ ಅಂತ ಬಹಳ ಜನ ಬಿಟ್ಟುಬಿಡುತ್ತಾರೆ. ಇನ್ಶೂರೆನ್ಸ್ ಇರಬೇಕಾದ್ದು ಗುದ್ದಿದ ವಾಹನಕ್ಕೆ. ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ನೀವೇ ಆ ಥರ್ಡ್ ಪಾರ್ಟಿ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಆರು ತಿಂಗಳೊಳಗೆ ಅರ್ಜಿ ಹಾಕಿಬಿಡಿ. ಗುದ್ದಿದವರು ಯಾರು ಅಂತ ಗೊತ್ತೇ ಆಗದೆ ಓಡಿಹೋಗಿದ್ದರೂ ಪರಿಹಾರ ಇದೆ: ಸಾವಾದರೆ 2 ಲಕ್ಷ, ತೀವ್ರ ಗಾಯವಾದರೆ 50,000 ರೂಪಾಯಿ.

7. ಆಸ್ಪತ್ರೆಯ ಪ್ರತಿ ಬಿಲ್ಲು, ಔಷಧಿ ಚೀಟಿ ಎತ್ತಿಡಿ. ಸೊಟ್ಟಗಾದ ಸೈಕಲ್ಲನ್ನು ಮಾರನೇ ದಿನವೇ ಅಂಗಡಿಗೆ ಒಯ್ದು ರಿಪೇರಿ ಮಾಡಿಸಬೇಡಿ. ಪೊಲೀಸರು ನೋಡಿ, ಬರೆದುಕೊಂಡು ಹೋಗುವವರೆಗೆ ಅದು ಹಾಗೇ ಇರಲಿ.